ಬಿಸಿಗಲ್ಲಿನ ಸಿದ್ಧಪುರುಷ

ನಾನು ಒಂದು ಆರು ತಿಂಗಳು ಸಿದ್ಧಪುರುಷನಾಗಿದ್ದೆ. ಜಂಬಕ್ಕೆ ಹೇಳುತ್ತಿಲ್ಲ, ಇಡೀ ತಾಂಡೂರಿಗೆ ಗೊತ್ತಿದ್ದ ಸಂಗತಿ. ನಿಜಾಮರ ಆಳ್ವಿಕೆಯ ದಿನಗಳು. ಕಚೇರಿಯಲ್ಲಿ ಉರ್ದುವಿನಲ್ಲಿ ಬರೆದು, ತೆಲುಗಿನಲ್ಲಿ ಬೈಸಿಕೊಂಡು, ಕನ್ನಡದಲ್ಲಿ ಗೊಣಗುತ್ತಿದ್ದ ಗುಮಾಸ್ತ ನಾನು.

ಒಂದು ಬೇಸಿಗೆಯ ಮಧ್ಯಾಹ್ನ ಹನುಮಪ್ಪನ ಗುಡಿಗೆ ಹೋಗಿದ್ದೆ. ನಮ್ಮೂರ ಅಂಗಳಗಳೆಲ್ಲ ಹಾಸುಗಲ್ಲು. ವೈಶಾಖದಲ್ಲಿ ಅವು ಕಾದ ಹಂಚು. ಚಪ್ಪಲಿ ಬಿಟ್ಟ ಭಕ್ತರು ಕುಪ್ಪಳಿಸುತ್ತ ನೆರಳಿಗೆ ಓಡುತ್ತಿದ್ದರೆ, ನಾನು ನಿಧಾನವಾಗಿ ಒಂಬತ್ತು ಪ್ರದಕ್ಷಿಣೆ ಹಾಕಿದೆ. ಕಲ್ಲು ಸುಡುತ್ತಿರುವುದೇ ನನಗೆ ಗೊತ್ತಾಗಲಿಲ್ಲ. ನೆರಳಿನಲ್ಲಿ ನಿಂತವರು ನನಗೇ ಕೈಮುಗಿದರು. ಮರುದಿನ ಬೆಳಿಗ್ಗೆ ಕುರಿ ಸಾಕುವ ಮಲ್ಲಪ್ಪ ಸಕ್ಕರೆಯ ಪೊಟ್ಟಣ ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಅವನ ಟಗರು ಮೇವು ಬಿಟ್ಟಿತ್ತು. ನಾನು ಸಕ್ಕರೆ ಮುಟ್ಟಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಸಾಕಂತೆ. ಹಾಕಿಕೊಂಡೆ. ಟಗರು ಎದ್ದು ಮೇಯತೊಡಗಿತು.

ಆಮೇಲೆ ಪೇಡೆ ಬಂತು, ಬೆಲ್ಲ ಬಂತು. ಕಚೇರಿಯಲ್ಲಿ ಕವಡೆ ಕಿಮ್ಮತ್ತಿಲ್ಲದವನಿಗೆ ಕಟ್ಟೆಯ ಮೇಲೆ ಕೈಮುಗಿಯುವ ಜನ! ಭಕ್ತರ ಮನಸ್ಸು ನೋಯಿಸಬಾರದೆಂದು, ಹೆಂಡತಿಯ ಕಣ್ಣು ತಪ್ಪಿಸಿ, ಎಲ್ಲವನ್ನೂ ತಿಂದೆ. ನನಗೆ ಸಕ್ಕರೆ ಕಾಯಿಲೆ ಇರುವುದು ಭಕ್ತರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ಹೇಳಲಿಲ್ಲ.

ಅಂಗಾಲಿನಲ್ಲಿ ತಿಂಗಳಾದರೂ ಮಾಯದ ಗುಳ್ಳೆ ನೋಡಿ ಹೆಂಡತಿ ಗೌರಮ್ಮ ನನ್ನನ್ನು ಡಾಕ್ಟರರ ಬಳಿಗೆ ಎಳೆದೊಯ್ದಳು. ಅವರು ಕಾಲಿಗೆ ಸೂಜಿ ಚುಚ್ಚಿದರು. ಕಿಟಕಿಯಾಚೆ ನೋಡುತ್ತಿದ್ದ ನಾನು, ಯಾವಾಗ ಚುಚ್ಚುತ್ತೀರಿ ಎಂದು ಕೇಳಿದೆ.

"ಗುಮಾಸ್ತರ, ಇದು ತಪಸ್ಸಲ್ಲರಿ," ಅಂದರು ಡಾಕ್ಟರರು. "ಸಕ್ಕರಿ ಬ್ಯಾನಿ ಕಾಲಿನ ನರಕ್ಕ ಇಳದಾದ. ಹಿಂಗೇ ಬಿಟ್ರ ಒಂದಿನ ಕಾಲೇ ತಗೀಬೇಕಾಗ್ತದ."

ನಾನು ಎರಡೂ ಕೈಯಿಂದ ಕಾಲು ಹಿಡಿದುಕೊಂಡೆ. ಕಾಲು ತಲೆಯಿಂದ ಬಲು ದೂರ. ಗಡಿಹಳ್ಳಿಯ ಅರ್ಜಿಯಂತೆ ಅದರ ದೂರು ಮೇಲಕ್ಕೆ ತಲುಪುವುದು ತಡವೆಂದು ಗುಮಾಸ್ತನಾದ ನನಗಾದರೂ ಹೊಳೆಯಬೇಕಿತ್ತು. ಏನು ಉಣ್ಣುತ್ತೀರಿ ಎಂದು ಡಾಕ್ಟರರು ವಿಚಾರಿಸಿದರು. ನೌಕರಿ ಸಿಕ್ಕ ದಿನದಿಂದ ಜೋಳದ ರೊಟ್ಟಿ ಬಿಟ್ಟು, ಗಿರಣಿಯಲ್ಲಿ ಬೆಳ್ಳಗೆ ಮಾಡಿಸಿದ ಅಕ್ಕಿಯ ಅನ್ನವನ್ನೇ ಉಣ್ಣುತ್ತೇನೆಂದು ಹೆಮ್ಮೆಯಿಂದ ಹೇಳಿದೆ. ಆಗ ಅವರು ವಿಟಮಿನ್ ಎಂಬ ಹೊಸ ಶಬ್ದ ಕಲಿಸಿದರು. ನರಕ್ಕೆ ಬೇಕಾದ ಅದು ತವುಡಿನಲ್ಲಿ ಇರುತ್ತದಂತೆ. ನಮ್ಮ ತವುಡೆಲ್ಲ ಎಮ್ಮೆಗೆ ಹೋಗುತ್ತಿತ್ತು! ಇಷ್ಟು ವರ್ಷ ನನ್ನ ವಿಟಮಿನ್ ತಿಂದದ್ದು ಅದು. ಅದರ ಒದೆತ ತಿಂದವರಿಗೆ ಬೇರೆ ಸಾಕ್ಷಿ ಬೇಡ.

ಗೌರಮ್ಮ ಅನ್ನ, ಪೇಡೆ ಎರಡನ್ನೂ ಬಂದ್ ಮಾಡಿದಳು. ನಾರಾಯಣಖೇಡದ ತವರಿನಿಂದ ಜೋಳ ತರಿಸಿದಳು. ಪುಂಡಿಪಲ್ಯ, ನೆನೆಸಿದ ಕಡಲೆ, ರೊಟ್ಟಿಯ ಹಿಟ್ಟಿನಲ್ಲಿ ಒಂದು ಹಿಡಿ ತವುಡು. ಎಮ್ಮೆ ನನ್ನನ್ನು ದುರುಗುಟ್ಟಿ ನೋಡತೊಡಗಿತು. ಭಕ್ತರು ತಂದ ಸಿಹಿಯನ್ನು ಅವಳು ಬಾಗಿಲಲ್ಲೇ ಇಸಿದುಕೊಂಡು ಓಣಿಗೆ ಹಂಚಿದಳು. ಒಳಗೆ ನಾನು ಜೊಲ್ಲು ನುಂಗುತ್ತಿದ್ದೆ.

ಕಾರ್ತೀಕದ ಒಂದು ಬೆಳಿಗ್ಗೆ, ಕಟ್ಟೆಯ ಮುಂದೆಯೇ, ಜಾಲಿಮುಳ್ಳೊಂದು ಚಪ್ಪಲಿ ತೂರಿ ಬಲಗಾಲಿಗೆ ನೆಟ್ಟಿತು. ಸತ್ತೆನೆಂದು ಚೀರಿದೆ. ಚೀರಿದ ಮೇಲೆಯೇ, ಏಕೆ ಚೀರಿದೆನೆಂದು ಹೊಳೆದದ್ದು. ಕಟ್ಟೆಯ ಮೇಲಿದ್ದ ಇಬ್ಬರು ಭಕ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪೊಟ್ಟಣಗಳನ್ನು ಬಗಲಿಗಿಟ್ಟುಕೊಂಡು ಹೊರಟೇಹೋದರು. ಹೋಗಲಿ! ಎಡಗಾಲು ಇನ್ನೂ ಮರದ ತುಂಡೇ, ಆದರೆ ಬಲಗಾಲು ನನ್ನದಾಗಿತ್ತು. ಕುಂಟುತ್ತ ಒಳಗೆ ಓಡಿದೆ.

ಗೌರಮ್ಮ ಪಿನ್ನಿನಿಂದ ಮುಳ್ಳು ತೆಗೆಯುತ್ತ, ತುಂಬಿದ ಕಣ್ಣಿನಲ್ಲಿ ಕೇಳಿದಳು, "ನೋಯಾಕತ್ತದೇನ್ರಿ?"

"ಭಾಳ ನೋಯಾಕತ್ತದ ಗೌರಿ," ಅಂದೆ, ಬಾಯ್ತುಂಬ ನಗುತ್ತ. "ಇನ್ನೊಮ್ಮಿ ಚುಚ್ಚು."

ಅವಳು ಎರಡು ಸಲ ಚುಚ್ಚಿದಳು. ಎರಡನೆಯದು, ಅವಳಿಗೆ ಕಾಣದಂತೆ ತಿಂದ ಪೇಡೆಗಳಿಗಂತೆ.