ಉಲಿಯಕ್ಕಿಗೆ ಮೋಸ

ಮುಷ್ಟಿಯಷ್ಟೂ ಇಲ್ಲದ ಒಂದು ಹಕ್ಕಿಗೆ ನಾನು ಮೋಸ ಮಾಡಿದ್ದೇನೆ. ನೀವು ನಗಬಹುದು. ಹುಕ್ಕೇರಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಮಾತ್ರ ನಗು ಬರುತ್ತಿಲ್ಲ.

ನಮ್ಮ ಪಕ್ಕದ ಮನೆಯ ಫಾತಿಮಾ ಚಾಚಿ ಅಂಗಳದ ಹುಣಸೆಮರದ ಕೆಳಗೆ ಕೂತು ಕೌದಿ ಹೊಲಿಯುತ್ತಾರೆ. ದೀಪಾವಳಿಯ ಹೊತ್ತಿಗೆ ಆ ಮರಕ್ಕೆ ಎಲ್ಲಿಂದಲೋ ಒಂದು ಪುಟ್ಟ ಹಕ್ಕಿ ಬರುತ್ತದೆ. ಗುಬ್ಬಿಗಿಂತ ಸಣ್ಣದು, ಎಲೆಯದೇ ಬಣ್ಣ, ಕಣ್ಣಿನ ಮೇಲೊಂದು ಬಿಳಿ ಗೆರೆ. ಇದು ಎಲೆ ಉಲಿಯಕ್ಕಿ ಎಂಬಷ್ಟು ನನಗೆ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ಎಲೆ ಉಲಿಯಕ್ಕಿಗಳು ಒಂದೇ ಅಚ್ಚಿನಲ್ಲಿ ಹೊಯ್ದಂತೆ ಐದಾರು ಇವೆ. ನಿಜವಾದ ಗುರುತು ಕೂಗಿನಲ್ಲಿದೆಯಂತೆ. ನಾನು ಮೊಬೈಲಿನಲ್ಲಿ ಆ ಕೂಗುಗಳನ್ನೆಲ್ಲ ಇಳಿಸಿಕೊಂಡೆ.

ಒಂದು ಭಾನುವಾರ ಬೆಳಿಗ್ಗೆಯೇ ಮರದ ಕೆಳಗೆ ನಿಂತು ಒಂದೊಂದಾಗಿ ಹಾಕಿದೆ. ಮೂರನೆಯದಕ್ಕೆ ಹಕ್ಕಿ ಬಾಣದಂತೆ ಕೆಳಗಿಳಿಯಿತು. ಹೆಸರು ಸಿಕ್ಕಿತು! ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗೋಕಾಕದ ಗೆಳೆಯನಿಗೆ ಫೋಟೊ ಕಳಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕಲ್ಲ? ಹೊತ್ತು ಇಳಿಯುವವರೆಗೂ ಮತ್ತೆ ಹಾಕಿದೆ, ಮತ್ತೆ ಹಾಕಿದೆ. ಅದು ರೆಕ್ಕೆ ನಡುಗಿಸುತ್ತ ಕೊಂಬೆಯಿಂದ ಕೊಂಬೆಗೆ ಹಾರಿತು. ನಾನು ಅದನ್ನು ಸಂತೋಷವೆಂದುಕೊಂಡೆ.

ಚಾಚಿ ಸೂಜಿ ನಿಲ್ಲಿಸಿದರು. "ಮಾಸ್ತರ್ರ, ಸಾಕ್ ಮಾಡ್ರಿ. ಮುಂಜಾನಿಯಿಂದ ಒಂದ್ ಹುಳಾ ತಿಂದಿಲ್ಲ ಅದು. ತನ್ನ ಗಿಡಾ ಕಸಗೊಳ್ಳಾಕ ಯಾರೋ ಬಂದಾರಂತ ತಿಳಕೊಂಡೈತಿ."

"ನಿಮಗ ಹೆಂಗ ಗೊತ್ತಾತ್ರಿ?"

"ಬಾಜೂ ಗಿಡದ ಹಕ್ಕಿ ಇಲ್ಲಿಗಿ ಬಂದ್ರೂ ಹಿಂಗ ಮಾಡತೈತಿ. ಅದಾದ್ರ ಓಡಿ ಹೋಗತೈತಿ. ನಿಮ್ಮ ಮೊಬೈಲ್ ಹೋಗೂದಿಲ್ಲಲ್ಲ."

ಮನೆಗೆ ಬಂದು ಪುಸ್ತಕ ತೆರೆದೆ. ಹೆಸರಿದ್ದ ಪುಟದ ಹಿಂಬದಿಯಲ್ಲೇ ಬರೆದಿತ್ತು: ಚಳಿಗಾಲವಿಡೀ ಈ ಹಕ್ಕಿ ತನ್ನ ಮರವನ್ನು ಕಾಯುತ್ತದೆ. ಪುಟ ಪೂರ್ತಿ ಓದದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವನು ನಾನು. ಹಿಮಾಲಯದ ಕಡೆಯಿಂದ ಅಷ್ಟು ದೂರ ಹಾರಿ ಬಂದು ಹಿಡಿದ ಒಂದು ಮರ. ಅಲ್ಲಿ ದಿನವಿಡೀ ಅದು ಉಪವಾಸವಿದ್ದು, ಇಲ್ಲದ ವೈರಿಯೊಡನೆ ಹೋರಾಡಿತ್ತು. ಆ ವೈರಿ ನನ್ನ ಅಂಗೈಯಲ್ಲಿದ್ದ.

ಮರುದಿನ ಮರ ಮೌನವಾಗಿತ್ತು. ಅದರ ಮರುದಿನವೂ. ಚಾಚಿಯ ಮುಖ ನೋಡಲಾಗದೆ ನಾನು ಹಿಂದಿನ ಓಣಿಯಿಂದ ಸುತ್ತುಹಾಕಿ ಸಾಲೆಗೆ ಹೋದೆ. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ತಪ್ಪಾತ್ರಿ ಚಾಚಿ."

ಅವರು ತಲೆ ಎತ್ತಲಿಲ್ಲ. "ನನಗ್ಯಾಕ ಹೇಳ್ತೀರಿ?"

ನಾನು ಹುಣಸೆಮರದ ಕಟ್ಟೆಯ ಮೇಲೆ ಕೂತೆ. ಚಾಚಿ ಚಹಾ ತಂದಿಟ್ಟರು. ಅರ್ಧ ಕಪ್ ಮುಗಿದಿರಬೇಕು, ಓಣಿಯಾಚೆಯ ಬೇವಿನಮರದಿಂದ ಒಂದು ಕೂಗು ಕೇಳಿತು. ಅದೇ ಹಕ್ಕಿಯೇ, ಬೇರೆಯದೇ? ಖಚಿತ ಮಾಡಿಕೊಳ್ಳಲು ನನ್ನ ಕೈ ತಾನಾಗಿಯೇ ಕಿಸೆಗೆ ಇಳಿಯಿತು.

ಚಾಚಿ ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡೆ.