ಸ್ಟೆಫಾ ತೆರೆಯದ ಬಾಗಿಲು

ಸಸ್ಕಾಚೆವಾನ್‌ನ ಗೋಧಿ ಹೊಲಗಳ ಅಡಿಯಲ್ಲಿ ಹಾದುಹೋಗುವ ಕಚ್ಚಾತೈಲದ ಕೊಳವೆಗೆ ಚಳಿ ಬಂತೆಂದರೆ ಒಳಗೆಲ್ಲ ಮೇಣ ಕಟ್ಟುತ್ತದೆ. ಅದನ್ನು ಹೆರೆಯಲು ರಬ್ಬರ್ ತಟ್ಟೆ, ತಂತಿ ಬ್ರಷ್‌ಗಳ ದಪ್ಪ ಗುಂಡೊಂದನ್ನು ಒಳಗೆ ಬಿಡುತ್ತಾರೆ. ಹಿಂದಿನಿಂದ ಎಣ್ಣೆಯೇ ಅದನ್ನು ನೂಕಿಕೊಂಡು ಹೋಗುತ್ತದೆ. ಎಲ್ಲರೂ ಅದನ್ನು ಹಂದಿ ಎಂದೇ ಕರೆಯುವುದು. ಸ್ಟೆಫಾ ಮೆಲ್ನಿಕ್ ಪಿಕಪ್ ಓಡಿಸಿಕೊಂಡು ಹಂದಿಗಿಂತ ಮುಂದೆ ಹೋಗಿ, ಅಲ್ಲಲ್ಲಿ ನಿಂತು, ನೆಲದಡಿ ಅದು ಹಾದುಹೋಗುವ ಸದ್ದು ಆಲಿಸುತ್ತಿದ್ದಳು. ಕೊನೆಯ ನಿಲ್ದಾಣದಲ್ಲಿ ಕೊಳವೆಯ ತುದಿಯ ಕಬ್ಬಿಣದ ಬಾಗಿಲು ತೆರೆದು ಅದನ್ನು ಹೊರಗೆಳೆಯುವ ಕೆಲಸ ಅವಳ ಗಂಡ ಪೆಟ್ರೋನದು.

ಆ ಬಾಗಿಲೇ ಅವನ ಎಡಗೈ ತೆಗೆಯಿತು. ಒತ್ತಡ ಮಾಪಕದ ಮುಳ್ಳು ಸೊನ್ನೆಯಲ್ಲಿತ್ತು, ಒಳಗೆ ಒತ್ತಡವಿಲ್ಲ ಎಂದುಕೊಂಡು ಪೆಟ್ರೋ ಬಾಗಿಲು ಸಡಿಲಿಸಿದ. ಮೇಣ ಹೋಗಿ ಮಾಪಕದ ಸಣ್ಣ ನಳಿಗೆಯನ್ನೇ ಮುಚ್ಚಿತ್ತು. ಒಳಗೆ ಉಳಿದಿದ್ದ ಒತ್ತಡಕ್ಕೆ ಬಾಗಿಲು ಸಿಡಿಯಿತು.

ಕಂಪನಿಯವರು ವಿಚಾರಣೆ ಮಾಡಿ, ಅವಸರವೇ ಕಾರಣ ಎಂದರು. ಊಟದ ಕೋಣೆಯ ಗೋಡೆಗೆ ಭಿತ್ತಿಪತ್ರ ಬಂತು: 'ಒಂದು ಕ್ಷಣದ ಅವಸರ, ಒಂದು ಕೈ.' ಹೆಸರಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಸ್ಟೆಫಾ ಅದನ್ನು ಎಲ್ಲರೆದುರೇ ಹರಿದು ಕಸದ ಬುಟ್ಟಿಗೆ ಹಾಕಿದಳು. ಮತ್ತೆ ಅಂಟಿಸಿದರು, ಮತ್ತೆ ಹರಿದಳು. ಮೇಲ್ವಿಚಾರಕ ಕ್ಲೈಡ್ ರೋಬಕ್ ಅವಳನ್ನು ಒಂದು ವಾರ ಮನೆಗೆ ಕಳಿಸಿದ.

ಅವಳಿಗೆ ನೋವಾದದ್ದು ಅದರಿಂದಲ್ಲ. ಮನೆಯಲ್ಲಿ ಪೆಟ್ರೋನೇ ಆ ಮಾತನ್ನು ನಂಬತೊಡಗಿದ್ದ. ಒಂದು ಸಂಜೆ ಬೀಟ್‌ರೂಟ್ ಸೂಪಿನ ಬಟ್ಟಲಿನಲ್ಲಿ ಚಮಚ ಆಡಿಸುತ್ತಾ, "ಇನ್ನೂ ಸ್ವಲ್ಪ ಹೊತ್ತು ಕಾಯ್ಬೇಕಿತ್ತೇನೋ ಕಣೇ. ಬಿಟ್ಬಿಡು, ಅವರ ಜೊತೆ ಯಾಕೆ ಜಗಳ," ಎಂದ.

"ಕೈ ಹೋಯ್ತು, ಹೋಗ್ಲಿ. ನೀನು ತಲೆನೂ ಅವರಿಗೇ ಕೊಡ್ಬೇಡ," ಎಂದಳು ಸ್ಟೆಫಾ.

ವಾರ ಮುಗಿದು ಕೆಲಸಕ್ಕೆ ಮರಳಿದವಳು ಕ್ಲೈಡ್‌ನ ಮುಂದೆ ನಿಂತು, ಗಂಡನ ಕೆಲಸವನ್ನು ತನಗೇ ಕೊಡಿ ಎಂದು ಕೇಳಿದಳು. ಆ ಬಾಗಿಲ ಬಳಿ ಹೋಗಲು ಬೇರೆ ಯಾರಿಗೂ ಮನಸ್ಸಿರಲಿಲ್ಲ, ಹಾಗಾಗಿ ಕೊಟ್ಟ. ಮೊದಲ ಹಂದಿ ಬಂದು ಬಾಗಿಲ ಹಿಂದಿನ ಗೂಡು ಸೇರಿತು. ಸ್ಟೆಫಾ ಕವಾಟಗಳನ್ನು ಮುಚ್ಚಿ, ಎಣ್ಣೆ ಬಸಿದು, ಸ್ಪ್ಯಾನರನ್ನು ನೆಲಕ್ಕಿಟ್ಟಳು. ಆಮೇಲೆ ತನ್ನ ಪಿಕಪ್ಪನ್ನು ಹಿಂದಕ್ಕೆ ತಂದು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದಳು.

ಕ್ಲೈಡ್ ಓಡಿ ಬಂದ. ಇನ್ನೊಂದು ಮಾಪಕ, ಗಾಳಿ ಹೊರಬಿಡಲು ಇನ್ನೊಂದು ನಳಿಗೆ, ಒಳಗೆ ಒತ್ತಡ ಉಳಿದಿದ್ದರೆ ಮೊದಲೇ ಬುಸ್ಸೆಂದು ಹೇಳುವ ಎಚ್ಚರಿಕೆ ಬೋಲ್ಟು, ಇಷ್ಟೂ ಬರುವವರೆಗೆ ಬಾಗಿಲು ತೆರೆಯುವುದಿಲ್ಲ ಎಂದಳು ಸ್ಟೆಫಾ. ಅಪಾಯದ ಕೆಲಸ ಒಲ್ಲೆನೆನ್ನುವ ಹಕ್ಕು ಕಾನೂನಿನಲ್ಲಿತ್ತು. ಅದನ್ನು ಬಳಸಿದವರನ್ನು ಮಾತ್ರ ಅಲ್ಲಿ ಯಾರೂ ಕಂಡಿರಲಿಲ್ಲ.

"ಮುಳ್ಳು ಸೊನ್ನೆ ತೋರಿಸ್ತಿದೆ, ಕಣ್ಣು ಕಾಣಲ್ವಾ ನಿಂಗೆ?" ಎಂದ ಕ್ಲೈಡ್.

"ಅವತ್ತೂ ಸೊನ್ನೆನೇ ತೋರಿಸ್ತಿತ್ತು. ಅಷ್ಟು ನಂಬಿಕೆ ಇದ್ರೆ ಬಾ, ಗಾಡಿ ತೆಗೀತೀನಿ, ನೀನೇ ಬಾಗಿಲು ತೆಗಿ."

ಕ್ಲೈಡ್ ಬಾಗಿಲನ್ನೊಮ್ಮೆ ನೋಡಿದ. ಮುಂದೆ ಹೆಜ್ಜೆ ಇಡಲಿಲ್ಲ. ಹಳೆಯ ಕೆಲಸಗಾರ ವೆಂಡೆಲ್‌ನತ್ತ ತಿರುಗಿ, ನೀನು ತೆಗಿ ಎಂದ. ವೆಂಡೆಲ್ ಕೈಗವಸು ಕಳಚಿ ಜೇಬಿಗೆ ತುರುಕಿಕೊಂಡು, ಪಿಕಪ್ಪಿನ ಹಿಂಬದಿ ಏರಿ ಕುಳಿತ. "ಥರ್ಮಾಸಲ್ಲಿ ಕಾಫಿ ಇದ್ಯಾ ತಾಯಿ?" ಎಂದಷ್ಟೇ ಕೇಳಿದ.

ಹಳೆಯ ಹಂದಿ ಗೂಡಿನಲ್ಲೇ ಇದ್ದರೆ ಹೊಸದನ್ನು ಬಿಡುವಂತಿಲ್ಲ. ಕೊಳವೆಯಲ್ಲಿ ಮೇಣ ಬೆಳೆಯುತ್ತ ಹೋಯಿತು, ಪಂಪುಗಳು ಏದುಸಿರು ಬಿಡತೊಡಗಿದವು. ಕೆಲಸದಿಂದ ತೆಗೆಯುತ್ತೇವೆಂದು ಫೋನುಗಳು ಬಂದವು. ಸ್ಟೆಫಾ ದಿನವೂ ಬೆಳಿಗ್ಗೆ ಬಂದು ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿದಳು. ಅವಳೇ ಕರೆಸಿದ ಸರ್ಕಾರಿ ತಪಾಸಣಾಧಿಕಾರಿ ಬಂದು ಮಾಪಕದ ನಳಿಗೆ ಬಿಚ್ಚಿಸಿದಾಗ, ಅರ್ಧದಷ್ಟು ಮೇಣವೇ ಇತ್ತು. ಕಂಪನಿ ಮಣಿಯಿತು. ಅವಳು ಕೇಳಿದ್ದೆಲ್ಲವನ್ನೂ ಜೋಡಿಸಿದರು.

ಬಾಗಿಲು ತೆರೆಯುವ ದಿನ ಅವಳು ಪೆಟ್ರೋನನ್ನೂ ಕರೆತಂದಳು. ಅವನು ದೂರದ ಬೇಲಿಯ ಬಳಿಯೇ ನಿಂತ. ಹತ್ತಿರ ಬಾ ಎಂದು ಅವಳು ಕರೆಯಲಿಲ್ಲ. ಎಚ್ಚರಿಕೆ ಬೋಲ್ಟು ಸಡಿಲಿಸಿ, ಸದ್ದಿಲ್ಲವೆಂದು ಖಚಿತವಾದ ಮೇಲೆ ಬಾಗಿಲು ತೆರೆದಳು. ಕಪ್ಪು ಮೇಣ ಮೆತ್ತಿಕೊಂಡ ಹಂದಿ ಹೊರಬಂತು.

ಪೆಟ್ರೋನ ಅವಸರವೇ ಕಾರಣ ಎಂಬ ಮಾತನ್ನು ಕಂಪನಿ ಕೊನೆಗೂ ಹಿಂತೆಗೆದುಕೊಳ್ಳಲಿಲ್ಲ. ಸ್ಟೆಫಾ ಈಗಲೂ ವರ್ಷಕ್ಕೊಮ್ಮೆ ಹೋಗಿ ಅದನ್ನು ಹಿಂತೆಗೆದುಕೊಳ್ಳಿ ಎಂದು ಕೇಳುತ್ತಾಳೆ. ಈಚೆಗೆ ಪೆಟ್ರೋನೂ ಜೊತೆಗೆ ಹೋಗುತ್ತಾನೆ.