ನೀರುಗಂಟಿ ಹಾಕಿದ ಮುಳ್ಳು

ಮದ್ದೂರು ಕಡೆಯ ಆ ಊರಲ್ಲಿ ಮರಿಸಿದ್ದಯ್ಯ ಒಂದು ಜಾಲಿ ಕೊಂಬೆ ಎಳೆದು ದಾರಿಗೆ ಅಡ್ಡ ಹಾಕಿದನೆಂದರೆ ಮುಗಿಯಿತು, ಪಟೇಲರ ಮನೆಯವರೂ ಅದನ್ನು ದಾಟುತ್ತಿರಲಿಲ್ಲ. ಅವನು ನೀರುಗಂಟಿ. ನಾಲೆಯ ತೂಬುಗಳನ್ನು ಸರದಿಯ ಪ್ರಕಾರ ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ಹೇಳುವುದು ಅವನ ಕೆಲಸ. ಬೇಸಿಗೆಯಲ್ಲಿ ನಾಲೆ ನಿಂತಾಗ ಜನ ಅದರೊಳಗೇ ಇಳಿದು ಆಚೆ ದಡಕ್ಕೆ ದಾಟುತ್ತಿದ್ದರು. ಇಳಿಯುವ ಜಾಗದಲ್ಲಿ ಮುಳ್ಳಿದ್ದರೆ ನೀರಿದೆ, ಸೇತುವೆ ಸುತ್ತಿಕೊಂಡು ಹೋಗಿ ಎಂದರ್ಥ. ಮುಳ್ಳು ಪಕ್ಕಕ್ಕೆ ಸರಿದಿದ್ದರೆ ನೀರು ಖಾಲಿ, ಇಳಿಯಬಹುದು. ಓದು ಬಾರದ ಊರಿಗೆ ಅದೇ ಬೋರ್ಡು. ಅವನ ಅಪ್ಪನ ಕಾಲದಿಂದಲೂ ಹಾಗೇ ನಡೆದುಬಂದಿತ್ತು.

ಮನುಷ್ಯ ಒರಟ. ಸರದಿ ತಪ್ಪಿಸಿ ನೀರು ಬಿಡೆಂದು ಯಾರಾದರೂ ತೆಂಗಿನಕಾಯಿ ಗೊನೆ ಹೊತ್ತು ತಂದರೆ, "ತಕ್ಕೊಂಡೋಗಿ ನಿಮ್ಮತ್ತೆ ಮನೆಗೆ ಕೊಡ್ಲಾ, ಮರ್ವಾದೆ ಬತ್ತದೆ" ಎಂದು ಬಾಗಿಲಿಂದಲೇ ಅಟ್ಟುತ್ತಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಇಂಥವನಿಗೆ ಒಂದೇ ಒಂದು ದೌರ್ಬಲ್ಯ, ಮಗ ನಿಂಗರಾಜ. ಹೆತ್ತವರಿಗೆ ಹೆಗ್ಗಣವೂ ಮುದ್ದಂತೆ, ಇವನೋ ಹೆಗ್ಗಣವಲ್ಲ. ಆರಡಿ ಆಳು, ಮಂಡ್ಯದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದ. ಎನ್‌ಸಿಸಿ ಖಾಕಿ ಹಾಕಿಕೊಂಡು ಬಸ್ಸಿನಿಂದ ಇಳಿದರೆ ಅಪ್ಪನಾದವನು ತೂಬಿನ ಹಿಡಿ ಬಿಟ್ಟು ಬಾಯಿ ತೆರೆದುಕೊಂಡು ನೋಡುತ್ತಿದ್ದ.

ಎಪ್ಪತ್ನಾಲ್ಕರ ಬೇಸಿಗೆಗೆ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿಯಲ್ಲಿ ಕಾಲೇಜು ಹುಡುಗರಿಗೆ ಒಂದು ಶಿಬಿರ ಎಂದು ಗೊತ್ತಾಯಿತು. ಜಿಲ್ಲೆಗೆ ಒಬ್ಬನೇ. ಅಲ್ಲಿ ಚೆನ್ನಾಗಿ ಮಾಡಿದವರು ಮುಂದೆ ಆಫೀಸರ್ ಆಗುವುದು ಸುಲಭ ಎಂದು ಎನ್‌ಸಿಸಿ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಮೇಷ್ಟ್ರು ಯೋಗಾನರಸಿಂಹ ಹೇಳಿದರು. ಮಂಡ್ಯದ ಗುತ್ತಲಿನ ತಮ್ಮ ಮನೆಗೆ ಕರೆಸಿ, ಜಗಲಿಯ ಮೇಲೆ ಕೂರಿಸಿಕೊಂಡು, ಅರ್ಜಿಯನ್ನು ಅವರೇ ತುಂಬಿದರು.

"ಈಜು ಬರುತ್ತೇನಯ್ಯ ಅಂತ ಕೇಳಿದಾರೆ ಇಲ್ಲಿ. ನೀರುಗಂಟಿ ಮಗನ್ನ ಏನು ಕೇಳೋದು, ಬರುತ್ತೆ ಅಂತ ಬರೀತೀನಿ."

"ಯಸ್ ಸರ್," ಎಂದ ನಿಂಗರಾಜ.

ಬರುತ್ತಿರಲಿಲ್ಲ. ನಾಲೆಯ ದಡದಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಮೊಣಕಾಲುದ್ದ ನೀರೂ ಗೊತ್ತಿರಲಿಲ್ಲ. ಅದಕ್ಕೂ ಒಂದು ಕತೆಯಿದೆ. ಅವನು ತೊಟ್ಟಿಲಲ್ಲಿದ್ದಾಗ ಕಣಿ ಹೇಳುವವಳೊಬ್ಬಳು ಬಂದು, "ಈ ಕೂಸಿಗೆ ನೀರಲ್ಲಿ ಕಂಟಕ ಅದೆ ಕಣವ್ವ" ಎಂದು ಹೇಳಿ, ಒಂದು ಮೊರ ರಾಗಿ ತೆಗೆದುಕೊಂಡು ಹೋಗಿದ್ದಳು. ಅವತ್ತಿನಿಂದ ತಾಯಿ ಮಂಗಳಮ್ಮ ಮಗನನ್ನು ನಾಲೆಯ ಮೆಟ್ಟಿಲ ಮೇಲೂ ನಿಲ್ಲಗೊಟ್ಟಿರಲಿಲ್ಲ. ಊರ ಹುಡುಗರೆಲ್ಲ ಸೇತುವೆ ಮೇಲಿಂದ ದುಮುಕುವಾಗ ಇವನೊಬ್ಬ ಅವರ ಅಂಗಿ ಚಡ್ಡಿ ಕಾಯುತ್ತಾ ಕೂತಿರುತ್ತಿದ್ದ.

ಆಯ್ಕೆಗೆ ಬೆಂಗಳೂರಿಗೆ ಕರೆಯುತ್ತಾರೆ, ಅಲ್ಲಿ ಓಟ, ಡ್ರಿಲ್ಲು, ಇಂಗ್ಲಿಷು, ಕೊನೆಗೆ ಈಜು. ಈಜು ಬರದಿದ್ದರೆ ಸುಳ್ಳು ಹೇಳಿದವನೆಂದು ಅಲ್ಲಿಂದಲೇ ವಾಪಸು. ನಿಂಗರಾಜ ಊಟ ಬಿಟ್ಟು ಕೂತ. ಬೆಳಗಿನ ಜಾವ ನಾಲೆಯ ಏರಿಯ ಮೇಲೆ ಓಡುತ್ತಿದ್ದ, ಬೂಟಿಗೆ ಪಾಲಿಶ್ ತಿಕ್ಕುತ್ತಿದ್ದ, ಯೂನಿಫಾರಂಗೆ ಗಂಜಿ ಹಾಕುತ್ತಿದ್ದ, ಮನೆಯವರ ಜೊತೆ ಮಾತ್ರ ಮಾತಿಲ್ಲ. ಮೂಗಿನವರೆಗೂ ಆಸೆ ಹತ್ತಿದ ಹುಡುಗನ ಮುಖ ನೋಡಲು ಅಪ್ಪನಿಗೆ ಆಗಲಿಲ್ಲ.

"ನಾ ಕಲುಸ್ತೀನಿ ಬುಡ್ಲಾ," ಎಂದ ಮರಿಸಿದ್ದಯ್ಯ.

ಮಂಗಳಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಯಾಕೆ, ಮನೆ ದೀಪ ಆರೋದ ನೋಡ್ಬೇಕಾ ನಿಂಗೆ? ಅರಿಯೋ ನೀರು ಅದು. ಬಾಯಿ ಕಳ್ಕೊಂಡ್ ಕೂತದೆ ಇವನಿಗೋಸ್ಕರ."

"ಅರಿಯೋ ನೀರಲ್ಲ ಕಣಮ್ಮಿ, ನಿಂತ ನೀರಲ್ಲಿ ಕಲುಸ್ತೀನಿ. ನಾ ಪಕ್ಕದಲ್ಲೇ ಇರ್ತೀನಿ."

ಹಾಗೆ ಅವನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದ. ಕಬ್ಬಿಗೆಂದು ಒಂದು ಸರದಿ ನೀರು ಬಿಟ್ಟಿದ್ದರು. ಅದು ಮುಗಿಯುವ ಹೊತ್ತಿಗೆ ಕೆಳಗಿನ ತೂಬಿಗೆ ಹಲಗೆ ಇಳಿಸಿ, ಸಂದಿಗೆ ಹುಲ್ಲು ತುರುಕಿ, ಜೇಡಿ ಮೆತ್ತಿ, ಉಳಿದ ನೀರನ್ನು ಅಲ್ಲೇ ಕಟ್ಟಿ ನಿಲ್ಲಿಸಿದ. ಊರು ದಾಟುವ ಜಾಗದಲ್ಲಿ ಎರಡಾಳು ನೀರು ನಿಂತಿತು. ಕೇಳಿದವರಿಗೆ ದನಕರುಗಳಿಗೆ ಆಗುತ್ತದೆ ಎಂದ, ಜನ ಒಳ್ಳೆಯದೇ ಆಯಿತು ಎಂದರು. ಇಳಿಯುವ ಎರಡೂ ಕಡೆ ದಪ್ಪ ಜಾಲಿ ಕೊಂಬೆ ಎಳೆದು ಹಾಕಿದ.

"ನೋಡ್ಲಾ ನಿಂಗ, ನೀನು ಇಳಿಯೋವಾಗ ಮುಳ್ಳು ಸರ್ಸು, ಅತ್ತಿ ಬಂದ್ ತಕ್ಸಣ ಎಳ್ದಾಕು. ಮರೀಬ್ಯಾಡ. ಜನ ಕಣ್ಮುಚ್ಕೊಂಡ್ ನಂಬ್ತಾರೆ ಅದ್ನ."

ತೇಲಲೆಂದು ಒಣ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಶುರುಮಾಡಿದ ಹುಡುಗ ಬೇಗ ಕಲಿತ. ಕಲಿತ ಮೇಲೆ ಅಪ್ಪ ಬೇಕಾಗಲಿಲ್ಲ. ಸಂಜೆ ಒಬ್ಬನೇ ಇಳಿದು, ಮುಳುಗಿ ತಳದ ಮಣ್ಣು ತಂದು ತೋರಿಸುವಷ್ಟಾದ. ಮಂಗಳಮ್ಮ ಮಾತ್ರ ಅವನು ಮನೆಗೆ ಬರುವವರೆಗೂ ಹೊಸಿಲ ಮೇಲೆ ಕೂತಿರುತ್ತಿದ್ದಳು. ನೀರಿನ ಬಣ್ಣ ದಿನೇದಿನೇ ಹಸಿರಿಗೆ ತಿರುಗಿತು. ದನಗಳು ಕುಡಿಯುವುದನ್ನು ಬಿಟ್ಟವು. ಒಂದು ನಾಯಿ ಬಂದು ದಡದಲ್ಲಿ ಊಳಿಟ್ಟು ಹೋಯಿತು. ಮರಿಸಿದ್ದಯ್ಯ ಅದನ್ನೆಲ್ಲ ನೋಡುತ್ತಾ, ಬೆಂಗಳೂರಿನದೊಂದು ಮುಗಿದರೆ ಆ ಹಲಗೆ ಎತ್ತಿಬಿಡುತ್ತೇನೆ ಎಂದುಕೊಳ್ಳುತ್ತಿದ್ದ.

ಬೆಂಗಳೂರಿಗೆ ಹೋಗುವುದಕ್ಕೆ ಇನ್ನೇನು ವಾರವಿದೆ ಎನ್ನುವಾಗ ಒಂದು ಸಂಜೆ ನಿಂಗರಾಜನಿಗೆ ಗುತ್ತಲಿನಲ್ಲಿ ಇಂಗ್ಲಿಷ್ ಪಾಠವಿತ್ತು. ನೀರಿನಲ್ಲಿದ್ದಾಗಲೇ ಬಸ್ಸಿನ ಹಾರನ್ ಕೇಳಿಸಿತು. ಎದ್ದವನೇ ಒದ್ದೆ ಮೈಮೇಲೆ ಅಂಗಿ ಎಳೆದುಕೊಂಡು ಓಡಿದ.

ಮಾರನೆಯ ದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹೊನ್ನಯ್ಯನ ಹೆಂಡತಿ ಸಣ್ಣತಾಯಮ್ಮ ಸೊಪ್ಪಿನ ಕುಕ್ಕೆ ಹೊತ್ತು ಮದ್ದೂರಿನ ಮೊದಲ ಬಸ್ಸಿಗೆ ಹೊರಟಿದ್ದಳು. ದಿನಾ ಸೇತುವೆ ಸುತ್ತಿ ಹೋಗುತ್ತಿದ್ದವಳು ಅವತ್ತು ನಾಲೆಗೇ ಇಳಿದಳು.

ಮರಿಸಿದ್ದಯ್ಯ ಕೂಗು ಕೇಳಿ ಓಡಿಬರುವಷ್ಟರಲ್ಲಿ ಆಲೆಮನೆಯ ಆಳುಗಳೆಲ್ಲ ನೆರೆದಿದ್ದರು. ಸಣ್ಣತಾಯಮ್ಮನನ್ನು ಏರಿಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ನಿಂಗರಾಜ ಬನಿಯನ್ನಿನಲ್ಲಿ ಮೈಯೆಲ್ಲ ನೀರು ಸೋರಿಸಿಕೊಂಡು ನಿಂತಿದ್ದ. ಓಡಲು ಬಂದವನು ನೀರಿನ ಮೇಲೆ ಕುಕ್ಕೆ ತೇಲುವುದನ್ನು ಕಂಡು ದುಮುಕಿ, ತಳದಿಂದ ಎತ್ತಿ ತಂದನಂತೆ. ಜೀವ ಹೋಗಿತ್ತು.

"ಮುಳ್ಳು ಅದೆಯಲ್ಲಪ್ಪ ಇಲ್ಲಿ," ಎಂದ ಆಲೆಮನೆಯ ಬೋರಯ್ಯ. "ಮುಳ್ಳು ದಾಟ್ಕೊಂಡು ಯಾಕಾದ್ರೂ ಇಳುದ್ಲೋ. ಅಣೇಬರಹ."

ಮರಿಸಿದ್ದಯ್ಯ ತಿರುಗಿ ನೋಡಿದ. ಮುಳ್ಳು ಇತ್ತು. ದಾರಿಗೆ ಅಡ್ಡ, ಲಕ್ಷಣವಾಗಿ ಬಿದ್ದಿತ್ತು. ಆದರೆ ಸಣ್ಣತಾಯಮ್ಮ ಮುಳ್ಳು ದಾಟುವ ಹೆಂಗಸಲ್ಲ, ಅದು ಅವನಿಗೆ ಗೊತ್ತು. ಅವಳು ದಾಟಿದ್ದರೆ ಸೀರೆಯ ಎಳೆಯಾದರೂ ಅದಕ್ಕೆ ಸಿಕ್ಕಿರಬೇಕು. ಮಗನ ಅಂಗೈ ನೋಡಿದ. ಹಸಿ ಗೀರುಗಳು, ರಕ್ತ ಇನ್ನೂ ಜಿನುಗುತ್ತಿತ್ತು.

ಮಗ ನಿನ್ನೆ ಮುಳ್ಳು ಹಾಕದೆ ಹೋಗಿದ್ದಾನೆ, ಇವತ್ತು ಎಳೆದು ಹಾಕಿದ್ದಾನೆ. ಅವನಿಗೆ ಅಷ್ಟು ತಿಳಿಯಿತು. ಅಷ್ಟಕ್ಕೇ ನಿಂತಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ನೀರು ಎಲ್ಲಿ ಸೋರಿದೆ, ಎಲ್ಲಿ ಇಂಗಿದೆ ಎಂದು ನೆಲ ನೋಡಿ ಹೇಳುವುದೇ ಅವನ ಹೊಟ್ಟೆಪಾಡು, ಬೇಡವೆಂದರೂ ಕಣ್ಣು ನೆಲಕ್ಕೆ ಹೋಯಿತು. ನೀರಿನಂಚಿನಿಂದ ಹೆಣದವರೆಗೆ ಧೂಳೆಲ್ಲ ಒದ್ದೆ. ಮುಳ್ಳು ಎಳೆದ ಗೆರೆಯ ಉದ್ದಕ್ಕೂ ಮಾತ್ರ ಧೂಳು ಒಣಗಿಯೇ ಇತ್ತು. ಮೈಯಿಂದ ನೀರು ಸೋರುವವನು ಅದನ್ನು ಎಳೆದಿದ್ದರೆ ಒಂದು ಹನಿಯಾದರೂ ಬಿದ್ದಿರಬೇಕಿತ್ತು. ಬಿದ್ದಿರಲಿಲ್ಲ. ಮಗ ನೀರಿಗಿಳಿಯುವ ಮೊದಲೇ ಮುಳ್ಳು ಎಳೆದಿದ್ದ.

ಮರಿಸಿದ್ದಯ್ಯ ಮುಳ್ಳು ನೋಡುವ ನೆವದಲ್ಲಿ ಆ ಧೂಳಿನ ಮೇಲೆ ನಡೆದಾಡಿದ. ಪೊಲೀಸಿನವರು ಬಂದು ಮುಳ್ಳು ಇತ್ತೇನಯ್ಯ ಎಂದು ಕೇಳಿದಾಗ, "ಇತ್ತು ಸಾಮಿ, ನಾನೇ ಆಕಿದ್ದೆ" ಎಂದ.

ಮನೆಗೆ ಬಂದರೆ ಮಂಗಳಮ್ಮ ದೇವರ ಮುಂದೆ ಕಾಯಿ ಒಡೆದಿದ್ದಳು. "ಪಾಪ, ಆಯಮ್ಮನ್ನ ತಕ್ಕೊಂಡು ನನ್ ಮಗನ್ನ ಬುಟ್ಟಳು ಗಂಗಮ್ಮ. ಕಂಟಕ ಕಳೀತು ಕಣಪ್ಪ ನಿಂಗ," ಎಂದು ಮಗನ ತಲೆ ನೇವರಿಸಿದಳು. ಮರಿಸಿದ್ದಯ್ಯ ಆ ಪ್ರಸಾದ ಬಾಯಿಗಿಡಲಿಲ್ಲ. ನೇರ ಹೋಗಿ ತೂಬಿನ ಹಲಗೆ ಕಿತ್ತು ಹಾಕಿದ.

ಮುಂದಿನದೆಲ್ಲ ಹೂವೆತ್ತಿದ ಹಾಗೆ ನಡೆಯಿತು. ಜೀವದ ಹಂಗು ತೊರೆದು ನೀರಿಗೆ ಧುಮುಕಿದ ಹುಡುಗ ಎಂದು ಯೋಗಾನರಸಿಂಹ ಮೇಷ್ಟ್ರು ಮೇಲಿನವರಿಗೆ ಬರೆದರು. ಬೆಂಗಳೂರಿನಲ್ಲಿ ಕರ್ನಲ್ ಸಾಹೇಬರು ಎದ್ದು ನಿಂತು ಕೈಕುಲುಕಿದರಂತೆ. ಜಿಲ್ಲೆಯಿಂದ ಆಯ್ಕೆಯಾದ ಒಬ್ಬನೇ ಹುಡುಗ ನಿಂಗರಾಜ.

ಅವನು ಬೆಂಗಳೂರಿನಿಂದ ಬಂದ ಮಾರನೆಯ ದಿನವೇ ಸಣ್ಣತಾಯಮ್ಮನ ತಿಥಿ. ಹೊನ್ನಯ್ಯ ತಾನೇ ಬಂದು ಕರೆದ. ಹೆಂಡತಿಯ ಹೆಣವಾದರೂ ಮೀನಿನ ಪಾಲಾಗದೆ ಕೈಗೆ ಸಿಕ್ಕಿತಲ್ಲ ಎಂದು ಅಪ್ಪ ಮಗ ಇಬ್ಬರಿಗೂ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿದ. ಸೊಪ್ಪು ಕಿತ್ತು ಕಿತ್ತು ಕಪ್ಪಗಾದ ಬೆರಳಿನ ಅವಳ ಮಗಳು ಬಂದು ಅನ್ನ ಬಡಿಸಿದಳು. ಮರಿಸಿದ್ದಯ್ಯ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟ.

"ಒನ್ನಣ್ಣ," ಎಂದ. "ಒಂದ್ ಮಾತು ಯೋಳ್ಬೇಕು ನಿಂಗೆ. ಆ ಮುಳ್ಳು..."

ಪಕ್ಕದಿಂದ ಮಗನ ಕೈ ಬಂದು ಅವನ ತೊಡೆಯನ್ನು ಒತ್ತಿ ಹಿಡಿಯಿತು. ಮುಖ ಅಲ್ಲಾಡಲಿಲ್ಲ, ದನಿ ಏರಲಿಲ್ಲ.

"ಅಪ್ಪಾರು ಅವತ್ತಿಂದ ಅದ್ನೇ ಅಚ್ಕೊಂಡವ್ರೆ ಒನ್ನಣ್ಣ. ಇನ್ನೂ ದಪ್ಪ ಮುಳ್ಳು ಆಕ್ಬೇಕಿತ್ತು ಅಂತಾವ್ರೆ. ಉಣ್ಣಪ್ಪ, ಎಲ್ರೂ ನೋಡ್ತಾವ್ರೆ."

ಹೊನ್ನಯ್ಯನ ಕಣ್ಣು ತುಂಬಿತು. "ನಿನ್ನ ಮುಳ್ಳಿಗೆ ಯಾರ್ಲಾ ಎಸ್ರು ಮಡುಗ್ತಾರೆ," ಎಂದು ಮರಿಸಿದ್ದಯ್ಯನ ಬೆನ್ನು ತಟ್ಟಿದ. ಅವನು ಉಂಡ. ಎಲೆಯಲ್ಲಿ ಒಂದಗುಳು ಬಿಡದೆ ಉಂಡ.

ಡೆಹ್ರಾಡೂನಿಗೆ ಹೊರಡುವ ದಿನ ಮಂಗಳಮ್ಮ ಬಾಗಿಲಲ್ಲೇ ನಿಂತಳು, ಮದ್ದೂರಿನವರೆಗೆ ಬಂದವನು ಅಪ್ಪ ಒಬ್ಬನೇ. ಟ್ರಂಕು ಪಕ್ಕದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಹುಣಸೆಮರದ ಕೆಳಗೆ ನಿಂತರು. ಎದುರಿಗೆ ನಿಂತವನು ಥೇಟ್ ಪಟದಲ್ಲಿರುವ ಸಿಪಾಯಿಯಂತಿದ್ದ. ತಾನು ಹೆತ್ತ ಮಗನೇ ಇವನು ಎನ್ನುವುದು ಮರಿಸಿದ್ದಯ್ಯನಿಗೆ ಕಷ್ಟಪಟ್ಟು ನೆನಪು ಮಾಡಿಕೊಳ್ಳಬೇಕಾದ ಸಂಗತಿಯಾಗಿತ್ತು. ಅವನಿಗೆ ಮಗನನ್ನು ಕಂಡರೆ ಭಯವಾಗುತ್ತಿತ್ತು.

"ನಿಂಗ," ಎಂದ. "ನಾ ಯಾರ್ಗೂ ಯೋಳಾಕಿಲ್ಲ. ನಂಗೊಂದು ಯೋಳ್ಬುಡು. ಕುಕ್ಕೆ ತೇಲ್ತಿತ್ತಲ್ಲ, ಆಗ ನೀನು ಮುಳ್ಳು ಎಳೆಯೋಕ್ ಯಾಕ್ಲಾ ಓದೆ ಮೊದ್ಲು?"

ನಿಂಗರಾಜ ರಸ್ತೆಯ ಕಡೆ ನೋಡುತ್ತಲೇ ಇದ್ದ. ಬಸ್ಸು ತಿರುವಿನಲ್ಲಿ ಕಾಣಿಸಿತು.

"ಆಗ್ಲೇ ಸತ್ತೋಗಿದ್ಲು ಕಣಪ್ಪ."

"ಅದು ಎತ್ತಿದ್ ಮ್ಯಾಲೆ ತಾನೆ ಗೊತ್ತಾಗೋದು?"

ಮಗ ಬಗ್ಗಿ ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತರೂ ಈ ಕಡೆ ತಿರುಗಲಿಲ್ಲ.

ಮರಿಸಿದ್ದಯ್ಯ ನಡೆದುಕೊಂಡೇ ಊರಿಗೆ ಬಂದ. ಮಂಗಳಮ್ಮ ಹೊಸಿಲ ಮೇಲೆ ಕಾಯುತ್ತಾ ಕೂತಿದ್ದಳು.

"ನಕ್ಕೊಂಡು ಓದ್ನಾ ಮಗ?"

"ಊಂ, ನಕ್ಕೊಂಡೇ ಓದ," ಎಂದು ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ.